ಇಕ್ಕಟ್ಟಿನ ನಗರದಲ್ಲಿ ವಿದ್ಯುತ್ ವಾಹನ

ಒಂದು ಊರಿನ ಬಾಳುವೆಯನ್ನು ಅರಿಯಬೇಕಾದರೆ ಅಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ತಿಳಿದರೆ ಸಾಲದು. ಅವರು ಎಷ್ಟು ಒತ್ತಾಗಿ ಬದುಕುತ್ತಿದ್ದಾರೆ ಎಂಬುದನ್ನೂ ತಿಳಿಯಬೇಕು. ಒಂದು ಚದರ ಕಿಲೋಮೀಟರ್ ಪ್ರದೇಶದಲ್ಲಿ ಸರಾಸರಿ ಎಷ್ಟು ಜನರು ವಾಸಿಸುತ್ತಾರೆ ಎಂಬ ಲೆಕ್ಕಕ್ಕೆ ಜನಸಾಂದ್ರತೆ ಎಂದು ಹೆಸರು. 2011ರ ಜನಗಣತಿಯಂತೆ ಕರ್ನಾಟಕದ ಜನಸಾಂದ್ರತೆ 319. ಕಾಡು, ಕಾಫಿ ತೋಟಗಳ ಕೊಡಗು ಜಿಲ್ಲೆಯಲ್ಲಿ ಅದು 135. ಬೆಂಗಳೂರು ನಗರ ಜಿಲ್ಲೆಯಲ್ಲಾದರೋ ಅದು 4,300ಕ್ಕೂ ಮಿಗಿಲು. ಅಂದಿನ ಬೆಂಗಳೂರು ಮಹಾನಗರ ಪಾಲಿಕೆಯ ಎಲ್ಲೆಯನ್ನಷ್ಟೇ ತೆಗೆದುಕೊಂಡರೆ ಸುಮಾರು 700 ಚದರ ಕಿಲೋಮೀಟರ್ ನೆಲದಲ್ಲಿ 84 ಲಕ್ಷ ಜನರಿದ್ದರು; ಎಂದರೆ ಪ್ರತಿ ಚದರ ಕಿಲೋಮೀಟರಿಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿ. ಕೊಡಗಿನಲ್ಲಿ ಒಬ್ಬನ ಪಾಲಿಗೆ ಬರುವಷ್ಟು ನೆಲದಲ್ಲಿ ಬೆಂಗಳೂರಿನಲ್ಲಿ ಎಂಬತ್ತು ಮಂದಿ ಬಾಳಬೇಕಾಗಿತ್ತು.

ಈ ಸಂಖ್ಯೆ ಕೇವಲ ಲೆಕ್ಕದ ಪುಸ್ತಕಕ್ಕೆ ಸೇರಿದುದಲ್ಲ. ಜನರು ಕುಡಿಯುವ ನೀರು, ಉಸಿರಾಡುವ ಗಾಳಿ, ಮಕ್ಕಳು ಆಡುವ ಬಯಲು ಇವೆಲ್ಲಕ್ಕೂ ಅದು ಮಿತಿಯನ್ನು ಹಾಕುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ಮತ್ತೊಂದು ಸಂಗತಿಯನ್ನೂ ನಿರ್ಧರಿಸತೊಡಗಿದೆ. ಪೆಟ್ರೋಲು, ಡೀಸೆಲುಗಳನ್ನು ಬಿಟ್ಟು ವಿದ್ಯುಚ್ಛಕ್ತಿಯಿಂದ ಓಡುವ ವಾಹನಗಳನ್ನು ನಗರದ ಜನರು ಎಷ್ಟು ಬೇಗ, ಎಷ್ಟು ಸುಲಭವಾಗಿ ತಮ್ಮವನ್ನಾಗಿ ಮಾಡಿಕೊಳ್ಳಬಲ್ಲರು ಎಂಬುದೇ ಆ ಸಂಗತಿ. ಜನಸಾಂದ್ರತೆಯು ವಿದ್ಯುತ್ ವಾಹನಕ್ಕೆ ಮಿತ್ರನೋ ಶತ್ರುವೋ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವಂತಿಲ್ಲ. ಓಡುತ್ತಿರುವ ವಾಹನಕ್ಕೆ ಅದು ಮಿತ್ರ. ನಿಂತಿರುವ ವಾಹನಕ್ಕೆ ಅದು ಶತ್ರು. ಈ ಎರಡು ಮುಖಗಳನ್ನೂ ಚೆನ್ನಾಗಿ ಗಮನಿಸಿದವರಿಗೆ ಒಂದು ಅಂಶ ಸ್ಪಷ್ಟವಾಗುತ್ತದೆ: ಮಿತ್ರತ್ವದ ಲಾಭವನ್ನು ಪ್ರತಿಯೊಬ್ಬನೂ ತಾನೇ ಪಡೆದುಕೊಳ್ಳಬಹುದು, ಶತ್ರುತ್ವವನ್ನು ಕಳೆಯುವುದು ಮಾತ್ರ ಒಬ್ಬೊಬ್ಬನಿಂದ ಆಗತಕ್ಕ ಕೆಲಸವಲ್ಲ, ಇಡೀ ನಗರವೇ ಕೂಡಿ ಮಾಡಬೇಕಾದ ಕೆಲಸ.

ವಿದ್ಯುತ್ ವಾಹನವು ಹೊಸ ಕಾಲದ ಸೋಜಿಗವೆಂದು ಹಲವರು ತಿಳಿದಿದ್ದಾರೆ. ಅದು ನಿಜವಲ್ಲ. 1897ರಷ್ಟು ಹಿಂದೆಯೇ ಲಂಡನ್ ಮತ್ತು ನ್ಯೂಯಾರ್ಕ್ ನಗರಗಳ ಬೀದಿಗಳಲ್ಲಿ ಬ್ಯಾಟರಿಯಿಂದ ಓಡುವ ಬಾಡಿಗೆ ಗಾಡಿಗಳಿದ್ದವು. 1900ರ ಸುಮಾರಿಗೆ ಅಮೆರಿಕದಲ್ಲಿ ತಯಾರಾದ ಮೋಟಾರು ವಾಹನಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವು ವಿದ್ಯುತ್ತಿನವೇ ಆಗಿದ್ದವು. ಅಂದು ಒಳ್ಳೆಯ ರಸ್ತೆ ಇದ್ದುದು ನಗರದಲ್ಲಿ, ವಿದ್ಯುಚ್ಛಕ್ತಿ ಇದ್ದುದೂ ನಗರದಲ್ಲಿ. ಮುಂದೆ 1908ರಲ್ಲಿ ಫೋರ್ಡ್ ಕಂಪನಿಯ ಅಗ್ಗದ ಕಾರು ಬಂದಿತು. ಕೈಯಿಂದ ತಿರುಗಿಸದೆಯೇ ಎಂಜಿನನ್ನು ಚಾಲೂ ಮಾಡುವ ಸಾಧನ 1912ರಲ್ಲಿ ಬಳಕೆಗೆ ಬಂದಿತು. ಊರಿಂದೂರಿಗೆ ದೂರದ ರಸ್ತೆಗಳು ಹಬ್ಬಿದವು. ದೂರ ಓಡಲಾರದ ವಿದ್ಯುತ್ ವಾಹನ ಮೂಲೆಗುಂಪಾಯಿತು. ಹೀಗೆ ಅದು ನಗರದಲ್ಲಿ ಹುಟ್ಟಿದ ಕೂಸು. ನೂರು ವರ್ಷಗಳ ಅಜ್ಞಾತವಾಸವನ್ನು ಮುಗಿಸಿ ಮತ್ತೆ ನಗರಕ್ಕೇ ಮರಳಿದೆ.

ಜನ ಒತ್ತಾಗಿ ಬದುಕುವ ನಗರವು ಈ ವಾಹನಕ್ಕೆ ಹೇಗೆ ಒಗ್ಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಸಾಂದ್ರವಾದ ನಗರದಲ್ಲಿ ಮನೆ, ಶಾಲೆ, ಕಚೇರಿ, ಮಾರುಕಟ್ಟೆಗಳು ಹತ್ತಿರ ಹತ್ತಿರವಿರುತ್ತವೆ. ದಿನದ ಓಡಾಟವೆಲ್ಲ ಸೇರಿದರೂ ಬಹುಮಂದಿಗೆ ಮೂವತ್ತು ನಲವತ್ತು ಕಿಲೋಮೀಟರನ್ನು ಮೀರುವುದಿಲ್ಲ. ವಿದ್ಯುತ್ ಸ್ಕೂಟರೊಂದರ ಬ್ಯಾಟರಿಯಲ್ಲಿ ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ತನ್ನು ತುಂಬಿದರೆ ಅದು ಸುಮಾರು ನೂರು ಕಿಲೋಮೀಟರ್ ಓಡುತ್ತದೆ. ಹೆದ್ದಾರಿಯಲ್ಲಿ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೊರಟವನಿಗೆ ಇದು ಏತಕ್ಕೂ ಸಾಲದು. ರಾಜಾಜಿನಗರದಿಂದ ಜಯನಗರಕ್ಕೆ ಹೋಗಿಬರುವವನಿಗೆ ಎರಡು ದಿನಕ್ಕೆ ಸಾಕು. ದಾರಿಯಲ್ಲಿ ಬ್ಯಾಟರಿ ಬರಿದಾದೀತೆಂಬ ಭಯ ನಗರದೊಳಗೆ ತಾನಾಗಿಯೇ ಕರಗುತ್ತದೆ.

ಇನ್ನು ವಾಹನ ದಟ್ಟಣೆಯ ಮಾತು. ಬೆಂಗಳೂರಿನ ಬೀದಿಗಳಲ್ಲಿ ಹತ್ತು ಕಿಲೋಮೀಟರ್ ಸಾಗಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಹೆಜ್ಜೆ ಹೆಜ್ಜೆಗೂ ನಿಂತು ಮತ್ತೆ ಹೊರಡಬೇಕು. ನಿಂತಾಗಲೂ ಪೆಟ್ರೋಲು ಎಂಜಿನು ಉರಿಯುತ್ತಲೇ ಇರುತ್ತದೆ. ಒಂದು ಅಂಗುಲವೂ ಮುಂದೆ ಹೋಗದೆ ಇಂಧನವನ್ನು ನುಂಗುತ್ತದೆ. ಅದು ಚಲಿಸುವಾಗಲಾದರೂ ಇಂಧನದ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಮಾತ್ರ ಚಕ್ರಕ್ಕೆ ತಲಪಿ ಉಳಿದುದೆಲ್ಲ ಬಹುಮಟ್ಟಿಗೆ ಶಾಖವಾಗಿ ವ್ಯರ್ಥವಾಗುತ್ತದೆ. ವಿದ್ಯುತ್ ಮೋಟಾರಿನ ಸ್ವಭಾವ ಬೇರೆ. ವಾಹನ ನಿಂತರೆ ಅದೂ ನಿಲ್ಲುತ್ತದೆ. ತಾನು ಪಡೆದ ಶಕ್ತಿಯಲ್ಲಿ ಬಹುಪಾಲನ್ನು ಚಲನೆಯಾಗಿ ಮಾರ್ಪಡಿಸುತ್ತದೆ. ಅಷ್ಟೇ ಅಲ್ಲ, ವಾಹನದ ವೇಗವನ್ನು ತಗ್ಗಿಸುವಾಗ ಮೋಟಾರು ತಾನೇ ಡೈನಮೋ ಆಗಿ ತಿರುಗಿ ಆ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ರೇಕು ಹಾಕಿದಾಗ ಪೆಟ್ರೋಲು ಗಾಡಿ ಕಳೆದುಕೊಳ್ಳುವುದನ್ನು ವಿದ್ಯುತ್ ಗಾಡಿ ಸ್ವಲ್ಪವಾದರೂ ಗಳಿಸಿಕೊಳ್ಳುತ್ತದೆ. ಪೆಟ್ರೋಲು ವಾಹನಕ್ಕೆ ಶಾಪವಾದ ಇಕ್ಕಟ್ಟು ವಿದ್ಯುತ್ ವಾಹನಕ್ಕೆ ಅಷ್ಟು ದೊಡ್ಡ ಶಾಪವಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಗಾಳಿ. ವಿರಳವಾದ ಹಳ್ಳಿಯ ದಾರಿಯಲ್ಲಿ ಲಾರಿಯೊಂದು ಉಗುಳಿದ ಹೊಗೆ ಬಯಲಿನಲ್ಲಿ ಚೆದರಿಹೋಗುತ್ತದೆ. ಅಷ್ಟೇ ಹೊಗೆ ಕಲಾಸಿಪಾಳ್ಯದ ಬೀದಿಯಲ್ಲಿ ಎರಡು ಸಾಲು ಕಟ್ಟಡಗಳ ನಡುವೆ ಸಿಲುಕಿಕೊಳ್ಳುತ್ತದೆ. ಅಲ್ಲಿ ಹೂ ಮಾರುವವರಿದ್ದಾರೆ, ಮೂಟೆ ಹೊರುವವರಿದ್ದಾರೆ, ದಿನವಿಡೀ ಬಿಸಿಲಲ್ಲಿ ನಿಂತ ಪೊಲೀಸರಿದ್ದಾರೆ, ಶಾಲೆಗೆ ನಡೆದುಹೋಗುವ ಮಕ್ಕಳಿದ್ದಾರೆ. ಹೊಗೆಯ ಪ್ರಮಾಣ ಒಂದೇ ಆದರೂ ಅದನ್ನು ಉಸಿರಾಡುವ ಎದೆಗಳ ಸಂಖ್ಯೆ ಬೇರೆ. ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಉತ್ಪಾದಿಸಿದರೆ ಹೊಗೆ ಬೇರೆಡೆಗೆ ಹೋಯಿತೇ ಹೊರತು ಇಲ್ಲವಾಗಲಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಎತ್ತರದ ಚಿಮಣಿಯಿಂದ ಹೊರಡುವ ಹೊಗೆಯನ್ನು ಒಂದೆಡೆಯಲ್ಲಿ ಶೋಧಿಸಬಹುದು. ಲಕ್ಷಗಟ್ಟಲೆ ಕೊಳವೆಗಳಿಂದ ಮಕ್ಕಳ ಮೂಗಿನ ಎತ್ತರದಲ್ಲಿ ಹೊರಡುವ ಹೊಗೆಯನ್ನು ಶೋಧಿಸುವುದು ಹೇಗೆ? ಮೇಲಾಗಿ ಜಲಶಕ್ತಿ, ಗಾಳಿ ಮತ್ತು ಸೂರ್ಯನ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವುದರಲ್ಲಿ ಕರ್ನಾಟಕ ದೇಶದ ಮುಂದಾಳು ರಾಜ್ಯಗಳಲ್ಲೊಂದು. ತುಮಕೂರು ಜಿಲ್ಲೆಯ ಪಾವಗಡದ ಬರಡು ನೆಲದಲ್ಲಿ ಎದ್ದುನಿಂತ ಸೌರ ಉದ್ಯಾನದ ಸಾಮರ್ಥ್ಯವೇ 2,050 ಮೆಗಾವಾಟ್.

ಯಾವ ಬಗೆಯ ವಾಹನಗಳು ಮೊದಲು ವಿದ್ಯುತ್ತಿನ ಕಡೆಗೆ ಹೊರಳಿವೆ ಎಂಬುದೂ ಇದೇ ಕಥೆಯನ್ನು ಹೇಳುತ್ತದೆ. ಭಾರತದಲ್ಲಿ 2024-25ನೆಯ ಸಾಲಿನಲ್ಲಿ ಮಾರಾಟವಾದ ವಿದ್ಯುತ್ ವಾಹನಗಳಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚಿನವು ದ್ವಿಚಕ್ರ ವಾಹನಗಳು, ಸುಮಾರು ಏಳು ಲಕ್ಷ ತ್ರಿಚಕ್ರ ವಾಹನಗಳು. ಕಾರುಗಳು ಕೇವಲ ಒಂದು ಲಕ್ಷದಷ್ಟು. ಅದೇ ಸಾಲಿನಲ್ಲಿ ಕೊಂಡ ತ್ರಿಚಕ್ರ ವಾಹನಗಳಲ್ಲಂತೂ ಅರ್ಧಕ್ಕಿಂತ ಹೆಚ್ಚಿನವು ವಿದ್ಯುತ್ತಿನವೇ. ಬೆಲೆಬಾಳುವ ಕಾರಿಗಿಂತ ಮೊದಲು ಬಡವನ ಹೊಟ್ಟೆ ಹೊರೆಯುವ ರಿಕ್ಷಾ ಈ ದಾರಿಯನ್ನು ತುಳಿದಿದೆ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವನಿಗೆ ಇಂಧನದಲ್ಲಿ ಉಳಿದ ಪ್ರತಿ ರೂಪಾಯಿಯೂ ಮನೆಯ ಅಕ್ಕಿಗೆ, ಮಕ್ಕಳ ಪುಸ್ತಕಕ್ಕೆ ಆಗುತ್ತದೆ. ಆದುದರಿಂದ ವಿದ್ಯುತ್ ವಾಹನವು ಶ್ರೀಮಂತರ ವಿಲಾಸವೆಂಬ ಮಾತು ಈ ದೇಶಕ್ಕೆ ಹೊಂದುವುದಿಲ್ಲ.

ಇಲ್ಲಿಯವರೆಗೆ ಹೇಳಿದುದು ಹಗಲಿನ ಮಾತು. ವಾಹನ ಓಡುತ್ತಿರುವ ಹೊತ್ತಿನ ಮಾತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಇದೆ. ನಗರಕ್ಕೆ ಬಂದ ವಿದ್ಯುತ್ ವಾಹನವೂ ಒಂದಲ್ಲ ಒಂದು ಹೊತ್ತಿನಲ್ಲಿ ವಿದ್ಯುತ್ತಿನ ಬಳಿಗೆ ಬರಲೇಬೇಕು. ಪೆಟ್ರೋಲು ಬಂಕಿನಲ್ಲಿ ಐದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಸಾಮಾನ್ಯ ಪ್ಲಗ್ಗಿನಲ್ಲಿ ನಾಲ್ಕರಿಂದ ಆರು ಗಂಟೆ ಬೇಕು. ಅಷ್ಟು ಹೊತ್ತು ವಾಹನ ಎಲ್ಲಿಯಾದರೂ ನಿಲ್ಲಬೇಕು; ಅದು ನಿಂತ ಕಡೆಯಲ್ಲಿ ತಂತಿ ಇರಬೇಕು. ಜನಸಾಂದ್ರತೆ ತನ್ನ ಇನ್ನೊಂದು ಮುಖವನ್ನು ತೋರುವುದು ಇಲ್ಲಿಯೇ.

ಜಯನಗರದ ಹಳೆಯ ಬಡಾವಣೆಯಲ್ಲಿ ಸ್ವಂತ ಮನೆಯುಳ್ಳವನನ್ನು ಊಹಿಸಿಕೊಳ್ಳಬಹುದು. ಅವನಿಗೆ ಕಾಂಪೌಂಡು ಇದೆ, ವಾಹನ ನಿಲ್ಲಿಸಲು ಸೂರಿದೆ, ಗೋಡೆಯಲ್ಲಿ ಪ್ಲಗ್ಗು ಇದೆ. ರಾತ್ರಿ ಊಟ ಮುಗಿಸಿ ತಂತಿಯನ್ನು ಸಿಕ್ಕಿಸಿ ಮಲಗಿದರೆ ಬೆಳಗಾಗುವ ಹೊತ್ತಿಗೆ ವಾಹನ ಸಿದ್ಧ. ಇನ್ನು ಶ್ರೀರಾಮಪುರದ ಇಕ್ಕಟ್ಟಾದ ಓಣಿಯಲ್ಲಿ ಮೂರನೆಯ ಮಹಡಿಯ ಒಂದು ಕೋಣೆಯ ಬಾಡಿಗೆದಾರನನ್ನು ನೋಡಬೇಕು. ಕೆಳಗೆ ಆರು ಸಂಸಾರಗಳ ಸ್ಕೂಟರುಗಳು ಒಂದಕ್ಕೊಂದು ತಾಗಿ ನಿಂತಿವೆ. ಉಳಿದವು ಬೀದಿಯಲ್ಲಿ ಮೋರಿಯ ಪಕ್ಕದಲ್ಲಿವೆ. ಕೆಳಗಿನ ಪ್ಲಗ್ಗು ಮನೆಯೊಡೆಯನ ಮೀಟರಿಗೆ ಸೇರಿದುದು. ಅದನ್ನು ಬಳಸಲು ಅವನ ಒಪ್ಪಿಗೆ ಬೇಕು. ಮೂರನೆಯ ಮಹಡಿಯಿಂದ ತಂತಿಯನ್ನು ಇಳಿಬಿಡುವುದು ಅಪಾಯ. ಹತ್ತು ಕಿಲೋ ತೂಕದ ಬ್ಯಾಟರಿಯನ್ನು ಬಿಚ್ಚಿ ನಿತ್ಯವೂ ಮೆಟ್ಟಿಲು ಹತ್ತಿಸುವುದು ಪ್ರಯಾಸ. ಕೆಲವು ಸ್ಕೂಟರುಗಳ ಬ್ಯಾಟರಿಯನ್ನು ಬಿಚ್ಚಲೂ ಬರುವುದಿಲ್ಲ. ವಾಹನ ಕೊಳ್ಳಲು ಬ್ಯಾಂಕು ಸಾಲ ಕೊಡಲು ಸಿದ್ಧವಿದೆ, ನಿತ್ಯದ ಖರ್ಚು ಕಡಿಮೆಯಾಗುವುದು ಖಚಿತವಾಗಿದೆ. ಆದರೂ ಅವನು ಪೆಟ್ರೋಲು ಸ್ಕೂಟರನ್ನೇ ಕೊಳ್ಳುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ ಅವನ ಗತಿ.

ಇದರಲ್ಲಿ ಒಂದು ಅನ್ಯಾಯ ಅಡಗಿದೆ. ದಿನಕ್ಕೆ ಹತ್ತು ಕಿಲೋಮೀಟರ್ ಮಾತ್ರ ಓಡಾಡುವ ಸ್ಥಿತಿವಂತನಿಗೆ ವಿದ್ಯುತ್ ವಾಹನ ಸುಲಭ. ಮನೆಮನೆಗೆ ಸಾಮಾನು ಮುಟ್ಟಿಸುತ್ತ ದಿನವಿಡೀ ಸುತ್ತುವ ತರುಣನಿಗೆ ಅದು ದುರ್ಲಭ. ಅದರ ಲಾಭ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕೈಗೆ ಎಟುಕುವುದಿಲ್ಲ. ಹೊಗೆ ಎಲ್ಲಿ ಹೆಚ್ಚೋ ಅಲ್ಲಿಯೇ ಅದು ಕಡಿಮೆಯಾಗಲು ಅಡ್ಡಿಯೂ ಹೆಚ್ಚು. ಹೀಗೆಯೇ ಬಿಟ್ಟರೆ ಅಂಗಳವುಳ್ಳವರ ಬಡಾವಣೆಗಳಲ್ಲಿ ಗಾಳಿ ತಿಳಿಯಾಗಿ, ಅಂಗಳವಿಲ್ಲದವರ ಓಣಿಗಳಲ್ಲಿ ಹೊಗೆ ಉಳಿದೀತು.

ಹೊರನಾಡುಗಳ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ನಾರ್ವೆ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪೂರ್ಣವಾಗಿ ವಿದ್ಯುತ್ತಿನಿಂದ ಓಡುವಂತಹವು. ಆ ದೇಶದ ಜನಸಾಂದ್ರತೆಯಾದರೋ ಹದಿನೈದರ ಆಸುಪಾಸಿನಲ್ಲಿದೆ. ಅಲ್ಲಿನ ಸರ್ಕಾರ ಬಹುಕಾಲ ತೆರಿಗೆಯ ವಿನಾಯಿತಿ ನೀಡಿತು, ಜಲವಿದ್ಯುತ್ತು ಹೇರಳವಾಗಿದೆ ಎಂಬುದು ನಿಜ. ಅದರೊಂದಿಗೆ ಇನ್ನೊಂದು ಕಾರಣವನ್ನೂ ಮರೆಯುವಂತಿಲ್ಲ: ಅಲ್ಲಿ ಹೆಚ್ಚಿನ ಜನರು ಬಿಡಿ ಮನೆಗಳಲ್ಲಿ ಇಲ್ಲವೆ ಸಾಲುಮನೆಗಳಲ್ಲಿ ವಾಸಿಸುತ್ತಾರೆ, ತಮ್ಮ ಬಾಗಿಲ ಬಳಿಯಲ್ಲಿಯೇ ವಾಹನಕ್ಕೆ ವಿದ್ಯುತ್ ತುಂಬಿಕೊಳ್ಳುತ್ತಾರೆ. ನಾರ್ವೆಯನ್ನು ನೋಡಿ ಬೆಂಗಳೂರು ಕಲಿಯಬಹುದಾದುದು ಕೆಲವಿದೆ. ಆದರೆ ನಾರ್ವೆಯ ಮನೆಯಂಗಳವನ್ನು ಬೆಂಗಳೂರಿಗೆ ತರಲಾಗದು.

ಬೆಂಗಳೂರಿನಲ್ಲಿಯೇ ಹುಟ್ಟಿದ ಒಂದು ಕಾರಿನ ಕಥೆ ಇಲ್ಲಿ ನೆನೆಯತಕ್ಕುದು. ಚೇತನ್ ಮೈನಿ ಎಂಬ ಎಂಜಿನಿಯರರ ಮುಂದಾಳುತನದಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರಾಟಕ್ಕೆ ಬಂದಿತು. ಒಮ್ಮೆ ವಿದ್ಯುತ್ ತುಂಬಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿದ್ದ ಆ ಕಾರು ನಗರದ ಓಡಾಟಕ್ಕೆ ಹೇಳಿ ಮಾಡಿಸಿದಂತಿತ್ತು. ಆದರೂ ತಾಯ್ನೆಲದಲ್ಲಿ ಅದನ್ನು ಕೊಂಡವರು ವಿರಳ. ಅದೇ ಕಾರು ಲಂಡನ್ನಿಗೆ ಹೋಗಿ, ‘ಜಿ-ವಿಜ್’ ಎಂಬ ಬೇರೊಂದು ಹೆಸರನ್ನು ಹೊತ್ತು, ಅಲ್ಲಿನ ಬೀದಿಗಳಲ್ಲಿ ಪರಿಚಿತವಾಯಿತು. ಕಾರಣವಿಷ್ಟೆ: ನಗರದ ನಡುಭಾಗದ ದಟ್ಟಣೆಯನ್ನು ತಗ್ಗಿಸಲು ಲಂಡನ್ ನಗರಾಡಳಿತ 2003ರಲ್ಲಿ ಅಲ್ಲಿಗೆ ಬರುವ ವಾಹನಗಳ ಮೇಲೆ ಸುಂಕ ವಿಧಿಸಿತು, ವಿದ್ಯುತ್ ವಾಹನಗಳಿಗೆ ಅಂದು ಅದರಿಂದ ವಿನಾಯಿತಿ ಕೊಟ್ಟಿತು. ಕೆಲವು ಭಾಗಗಳಲ್ಲಿ ನಿಲುಗಡೆಯ ಶುಲ್ಕದಲ್ಲಿಯೂ ರಿಯಾಯಿತಿ ದೊರೆಯಿತು. ಕಾರು ಬದಲಾಗಲಿಲ್ಲ, ಅದನ್ನು ಬರಮಾಡಿಕೊಂಡ ನಗರ ಬೇರೆಯಾಗಿತ್ತು. ವಾಹನವನ್ನು ಕಟ್ಟಿದರಷ್ಟೇ ಸಾಲದು, ಅದಕ್ಕೆ ತಕ್ಕ ನಗರವನ್ನೂ ಕಟ್ಟಬೇಕು ಎಂಬ ಪಾಠ ಈ ಕಥೆಯಲ್ಲಿದೆ.

ಹಾಗಾದರೆ ಇಕ್ಕಟ್ಟಿನ ನಗರ ಮಾಡಬೇಕಾದುದೇನು? ಮೊದಲನೆಯದಾಗಿ, ಒಬ್ಬೊಬ್ಬರ ವಾಹನಕ್ಕಿಂತ ಮುಂಚೆ ಎಲ್ಲರ ವಾಹನವನ್ನು ವಿದ್ಯುತ್ತಿಗೆ ಹೊರಳಿಸಬೇಕು. ಬಸ್ಸಿಗೆ ಅಂಗಳದ ಚಿಂತೆಯಿಲ್ಲ. ರಾತ್ರಿ ನಿಲ್ಲಲು ಅದಕ್ಕೆ ಡಿಪೋ ಇದೆ. ಚೀನಾ ದೇಶದ ಷೆನ್‌ಜೆನ್ ನಗರದಲ್ಲಿ ಒಂದು ಚದರ ಕಿಲೋಮೀಟರಿಗೆ ಎಂಟು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಆ ನಗರ 2017ರ ಕೊನೆಯ ಹೊತ್ತಿಗೆ ತನ್ನ ಹದಿನಾರು ಸಾವಿರಕ್ಕೂ ಮಿಗಿಲಾದ ಬಸ್ಸುಗಳೆಲ್ಲವನ್ನೂ ವಿದ್ಯುತ್ತಿನವನ್ನಾಗಿ ಮಾಡಿತು. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ 2014ರಲ್ಲಿ ಒಂದು ವಿದ್ಯುತ್ ಬಸ್ಸನ್ನು ಪರೀಕ್ಷಾರ್ಥವಾಗಿ ಓಡಿಸಿತ್ತು. ಹತ್ತೇ ವರ್ಷಗಳ ಬಳಿಕ ಅದರ ಮಾರ್ಗಗಳಲ್ಲಿ ಸಾವಿರಕ್ಕೂ ಮಿಗಿಲಾದ ವಿದ್ಯುತ್ ಬಸ್ಸುಗಳು ಸಂಚರಿಸತೊಡಗಿದವು. ಸಾಂದ್ರವಾದ ನಗರದಲ್ಲಿ ಬಸ್ಸು ಎಂದೂ ಖಾಲಿ ಓಡುವುದಿಲ್ಲವಾದ್ದರಿಂದ ಒಂದು ಬ್ಯಾಟರಿಯ ಪ್ರಯೋಜನ ದಿನಕ್ಕೆ ನೂರಾರು ಜನರಿಗೆ ಸಲ್ಲುತ್ತದೆ. ಮೂರನೆಯ ಮಹಡಿಯ ಬಾಡಿಗೆದಾರನೂ ಆಗ ವಿದ್ಯುತ್ ವಾಹನದ ಪಾಲುದಾರನಾಗುತ್ತಾನೆ.

ಎರಡನೆಯದಾಗಿ, ನಿಲ್ಲಲು ಜಾಗವಿಲ್ಲದ ವಾಹನಕ್ಕೆ ನಿಲ್ಲುವ ಅಗತ್ಯವನ್ನೇ ತಪ್ಪಿಸಬಹುದು. ತೈವಾನಿನ ನಗರಗಳಲ್ಲಿ ಮನೆಗಳು ಒತ್ತೊತ್ತಾಗಿವೆ, ಸ್ಕೂಟರುಗಳೂ ಲೆಕ್ಕವಿಲ್ಲದಷ್ಟಿವೆ. ಅಲ್ಲಿ 2015ರಲ್ಲಿ ಬ್ಯಾಟರಿ ಬದಲಿಸುವ ಕೇಂದ್ರಗಳನ್ನು ತೆರೆಯಲಾಯಿತು. ಸವಾರನು ಬರಿದಾದ ಬ್ಯಾಟರಿಯನ್ನು ಗೂಡಿನಲ್ಲಿಟ್ಟು ತುಂಬಿದ ಬ್ಯಾಟರಿಯನ್ನು ತೆಗೆದುಕೊಳ್ಳುತ್ತಾನೆ. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಇಂತಹ ಕೇಂದ್ರಗಳು ಅಲ್ಲಿ ಎರಡು ಸಾವಿರಕ್ಕೂ ಮಿಗಿಲಾಗಿ ಬೆಳೆದವು. ಜನ ವಿರಳವಾಗಿರುವ ಕಡೆ ಈ ಕೇಂದ್ರಗಳಿಗೆ ಗಿರಾಕಿಗಳು ಸಾಲುವುದಿಲ್ಲ. ಜನಸಾಂದ್ರತೆ ಇದ್ದರೆ ಮಾತ್ರ ಇವು ಬಾಳುತ್ತವೆ. ಅಂದರೆ ಇಕ್ಕಟ್ಟು ತಂದ ರೋಗಕ್ಕೆ ಇಕ್ಕಟ್ಟೇ ಮದ್ದನ್ನೂ ಒದಗಿಸಿದಂತಾಯಿತು. ಬೆಂಗಳೂರಿನಲ್ಲಿಯೂ ಆಟೋರಿಕ್ಷಾಗಳಿಗಾಗಿ ಇಂತಹ ಕೇಂದ್ರಗಳು ತೆರೆದಿವೆ. ಅವು ಇನ್ನೂ ಹೆಚ್ಚಬೇಕು. ಒಂದು ಕಂಪನಿಯ ಬ್ಯಾಟರಿ ಮತ್ತೊಂದು ಕಂಪನಿಯ ವಾಹನಕ್ಕೂ ಹೊಂದುವಂತಾಗಬೇಕು.

ಮೂರನೆಯದಾಗಿ, ಮನೆಯಲ್ಲಿ ಅಂಗಳವಿಲ್ಲದವನಿಗೆ ಬೀದಿಯೇ ಅಂಗಳವಾಗಬೇಕು. ಲಂಡನ್ನಿನ ಹಲವು ಬೀದಿಗಳಲ್ಲಿ ದೀಪದ ಕಂಬಗಳಿಗೇ ಪ್ಲಗ್ಗುಗಳನ್ನು ಜೋಡಿಸಿದ್ದಾರೆ. ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ವಾಹನ ನಿಲ್ಲಿಸಲು ಸ್ವಂತ ಜಾಗವಿಲ್ಲದವರು ಕೋರಿಕೆ ಸಲ್ಲಿಸಿದರೆ ಅವರ ಮನೆಯ ಹತ್ತಿರದ ಬೀದಿಯಲ್ಲಿ ವಿದ್ಯುತ್ ತುಂಬುವ ಕಂಬವನ್ನು ನೆಡುವ ವ್ಯವಸ್ಥೆಯಿದೆ. ಬೆಂಗಳೂರಿನ ಓಣಿಗಳಲ್ಲಿ ಕಾರು ನಿಲ್ಲುವಷ್ಟು ಜಾಗವಿಲ್ಲದಿರಬಹುದು. ಆದರೆ ಸ್ಕೂಟರುಗಳಿಗೆ, ಆಟೋಗಳಿಗೆ ಸಾಲುವಷ್ಟು ಜಾಗ ವಾರ್ಡು ಕಚೇರಿಯ ಅಂಗಳದಲ್ಲಿ, ಮಾರುಕಟ್ಟೆಯ ಆವರಣದಲ್ಲಿ, ಮೆಟ್ರೋ ನಿಲ್ದಾಣದ ಕೆಳಗೆ ರಾತ್ರಿಯ ಹೊತ್ತು ದೊರೆಯದೆ ಇರದು.

ಈ ಸಲಹೆಗಳಿಗೆ ಆಕ್ಷೇಪಗಳಿಲ್ಲದೆ ಇಲ್ಲ. ಬೆಂಕಿಯ ಭಯ ಅವುಗಳಲ್ಲಿ ಒಂದು. 2022ರಲ್ಲಿ ಸಿಕಂದರಾಬಾದಿನ ವಿದ್ಯುತ್ ಸ್ಕೂಟರುಗಳ ಮಳಿಗೆಯೊಂದರಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಂತಸ್ತುಗಳ ವಸತಿಗೃಹವನ್ನು ವ್ಯಾಪಿಸಿ ಎಂಟು ಮಂದಿ ಅಸುನೀಗಿದರು. ಆ ವರ್ಷವೇ ಬ್ಯಾಟರಿಗಳ ಸುರಕ್ಷತೆಯ ನಿಯಮಗಳನ್ನು ಸರ್ಕಾರ ಬಿಗಿಗೊಳಿಸಿತು. ಜನ ಒತ್ತಾಗಿರುವ ಕಡೆ ಸಣ್ಣ ಕಿಡಿಯೂ ದೊಡ್ಡ ಅನಾಹುತಕ್ಕೆ ಕಾರಣವಾದೀತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಭಯವೇ ಸಾರ್ವಜನಿಕ ವ್ಯವಸ್ಥೆಯ ಪರವಾದ ಬಲವಾದ ವಾದವೂ ಹೌದು. ಬಯಲಿನಲ್ಲಿ, ಬಲ್ಲವರ ಮೇಲ್ವಿಚಾರಣೆಯಲ್ಲಿ ವಿದ್ಯುತ್ ತುಂಬುವ ಏರ್ಪಾಡು ಇಲ್ಲವಾದರೆ ಜನರು ಮೆಟ್ಟಿಲ ಕೆಳಗೆ, ಮಲಗುವ ಕೋಣೆಯಲ್ಲಿ, ಹಳೆಯ ತಂತಿಗಳಿಗೆ ಬ್ಯಾಟರಿಯನ್ನು ಸಿಕ್ಕಿಸುತ್ತಾರೆ. ಇನ್ನು ವಿದ್ಯುತ್ ಜಾಲದ ಮೇಲಿನ ಹೊರೆ. ಸಂಜೆ ಮನೆಗೆ ಬಂದವರೆಲ್ಲ ಒಟ್ಟಿಗೆ ವಾಹನಕ್ಕೆ ವಿದ್ಯುತ್ ತುಂಬತೊಡಗಿದರೆ ಬಡಾವಣೆಯ ಟ್ರಾನ್ಸ್‌ಫಾರ್ಮರು ತಾಳಲಾರದು. ಅದಕ್ಕೆ ಪರಿಹಾರವೂ ಉಂಟು. ನಡುರಾತ್ರಿಯ ನಂತರ ಬಳಸುವವರಿಗೆ ಕಡಿಮೆ ದರ ವಿಧಿಸಬಹುದು. ಸೌರಶಕ್ತಿ ಸಮೃದ್ಧವಾಗಿರುವ ಹಗಲಿನಲ್ಲಿ ಕಚೇರಿ, ಕಾರ್ಖಾನೆಗಳ ಆವರಣದಲ್ಲಿಯೇ ವಿದ್ಯುತ್ ತುಂಬಿಕೊಳ್ಳಲು ಅನುಕೂಲ ಮಾಡಿಕೊಡಬಹುದು.

ಪೆಟ್ರೋಲು ಹಾಕಿಸುವುದು ವಾಹನದ ಒಡೆಯನ ಸ್ವಂತ ಚಿಂತೆಯಾಗಿರುವಾಗ ವಿದ್ಯುತ್ ತುಂಬುವುದು ಮಾತ್ರ ಊರಿನ ಚಿಂತೆ ಏಕಾಗಬೇಕು ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆಗೆ ಬೆಂಗಳೂರಿನ ಇತಿಹಾಸವೇ ಉತ್ತರ ಹೇಳುತ್ತದೆ. 1896ರಲ್ಲಿ ಹೆಸರಘಟ್ಟದ ಕೆರೆಯ ನೀರು ಕೊಳವೆಗಳ ಮೂಲಕ ನಗರಕ್ಕೆ ಹರಿದುಬಂದಿತು. ಅದಕ್ಕೆ ಮೊದಲು ಬಾವಿಯುಳ್ಳವನಿಗೆ ನೀರಿತ್ತು. ಬಾವಿಯಿಲ್ಲದವನು ಬಿಂದಿಗೆ ಹೊತ್ತು ಅಲೆಯುತ್ತಿದ್ದ. ಬೀದಿಯ ನಲ್ಲಿ ಆ ಭೇದವನ್ನು ಎಷ್ಟೋ ಕಡಿಮೆ ಮಾಡಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ತಲಪಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಮಾರುಕಟ್ಟೆಯ ಬಳಿ ಬೀದಿದೀಪ ಬೆಳಗಿತು. ತನ್ನ ಮನೆಯಲ್ಲಿ ವಿದ್ಯುತ್ತನ್ನು ಕಾಣಲು ಹಲವು ವರ್ಷ ಕಾಯಬೇಕಾಗಿದ್ದ ಬಡವನೂ ಬೀದಿಯ ಬೆಳಕಿನಲ್ಲಿ ನಡೆದಾಡಿದ. ಜನ ಒತ್ತಾಗಿ ಬದುಕುವ ಕಡೆ ಪ್ರತಿಯೊಬ್ಬನಿಗೂ ಸ್ವಂತ ಬಾವಿ, ಸ್ವಂತ ದೀಪ, ಸ್ವಂತ ಅಂಗಳ ಇರಲಾರವು. ಯಾವುದು ಒಬ್ಬೊಬ್ಬನಿಗೂ ಬೇರೆ ಬೇರೆಯಾಗಿ ಸಾಧ್ಯವಿಲ್ಲವೋ ಅದನ್ನು ಎಲ್ಲರಿಗೂ ಒಟ್ಟಾಗಿ ಒದಗಿಸುವುದೇ ನಗರದ ಧರ್ಮ. ಬಳಸಿದ ವಿದ್ಯುತ್ತಿಗೆ ಬಳಸಿದವನೇ ಹಣ ಕೊಡಲಿ. ಆದರೆ ಬಳಸುವ ಅವಕಾಶ ಎಲ್ಲರಿಗೂ ಇರಲಿ.

ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನು ಈಗಾಗಲೇ ಇಟ್ಟಾಗಿದೆ. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು 2017ರಲ್ಲಿ ಪ್ರಕಟಿಸಿದ ಕರ್ನಾಟಕವು ಆ ಕಾರ್ಯದಲ್ಲಿ ದೇಶಕ್ಕೇ ಮೊದಲಿನ ರಾಜ್ಯವಾಯಿತು. 2024ರ ವೇಳೆಗೆ ರಾಜ್ಯದಲ್ಲಿ ಸಾರ್ವಜನಿಕವಾಗಿ ವಿದ್ಯುತ್ ತುಂಬುವ ಕೇಂದ್ರಗಳು ಐದು ಸಾವಿರವನ್ನು ದಾಟಿದವು. ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯಲ್ಲಿಯೇ ಇದ್ದವು. ಹೊಸ ಕಟ್ಟಡಗಳಲ್ಲಿ ವಾಹನ ನಿಲುಗಡೆಯ ಐದನೆಯ ಒಂದು ಭಾಗಕ್ಕೆ ವಿದ್ಯುತ್ ಸೌಲಭ್ಯವಿರಬೇಕೆಂದು ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ನಿಯಮ ರೂಪಿಸಿತು. ಇವೆಲ್ಲವೂ ಮೆಚ್ಚತಕ್ಕವೇ. ಆದರೆ ಕೇಂದ್ರಗಳು ಎಷ್ಟಿವೆ ಎಂಬುದಕ್ಕಿಂತ ಎಲ್ಲಿವೆ ಎಂಬುದು ಹೆಚ್ಚು ಮುಖ್ಯ. ಹೊಸ ಕಟ್ಟಡದ ನಿಯಮ ಹಳೆಯ ವಠಾರದ ಬಾಗಿಲನ್ನು ತಟ್ಟುವುದಿಲ್ಲ. ಎಲ್ಲಿ ಜನಸಾಂದ್ರತೆ ಹೆಚ್ಚೋ, ಎಲ್ಲಿ ಮನೆಗಳಿಗೆ ಅಂಗಳವಿಲ್ಲವೋ ಅಲ್ಲಿಗೆ ಮೊದಲ ಕಂಬ ಬರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗುತ್ತದೆ. ವಿದ್ಯುತ್ ವಾಹನ ಹೊಗೆಯನ್ನು ಕಳೆಯಬಲ್ಲದು, ಇಕ್ಕಟ್ಟನ್ನು ಕಳೆಯಲಾರದು. ಪೆಟ್ರೋಲು ಕಾರು ಎಷ್ಟು ರಸ್ತೆಯನ್ನು ಆಕ್ರಮಿಸುತ್ತದೆಯೋ ವಿದ್ಯುತ್ ಕಾರೂ ಅಷ್ಟೇ ರಸ್ತೆಯನ್ನು ಆಕ್ರಮಿಸುತ್ತದೆ. ಬೆಂಗಳೂರಿನ ಪ್ರತಿಯೊಂದು ಕಾರೂ ನಾಳೆಯೇ ವಿದ್ಯುತ್ತಿನದಾದರೂ ಆಂಬ್ಯುಲೆನ್ಸು ನಾಳೆಯೂ ದಟ್ಟಣೆಯಲ್ಲಿ ಸಿಲುಕಿಯೇ ಇರುತ್ತದೆ. ಆದುದರಿಂದ ಸಾಂದ್ರವಾದ ನಗರದಲ್ಲಿ ಕ್ರಮ ತಪ್ಪಬಾರದು: ಮೊದಲು ನಡೆಯುವವನಿಗೆ ಹಾದಿ, ಬಳಿಕ ಬಸ್ಸು ಮತ್ತು ಮೆಟ್ರೋ, ಅನಂತರ ಆಟೋ ಮತ್ತು ಸ್ಕೂಟರು, ಕೊನೆಯಲ್ಲಿ ಕಾರು. ಈ ಕ್ರಮವನ್ನು ತಲೆಕೆಳಗು ಮಾಡಿ ಕಾರಿಗೇ ಮೊದಲ ಮಣೆ ಹಾಕಿದರೆ ಸಾರ್ವಜನಿಕರ ಹಣ ಖರ್ಚಾಗುತ್ತದೆ, ಸಾರ್ವಜನಿಕರ ಕಷ್ಟ ಮಾತ್ರ ಉಳಿಯುತ್ತದೆ.

ಜನಸಾಂದ್ರತೆಯನ್ನು ಶಾಪವೆಂದು ಹಳಿಯುವುದು ಸುಲಭ. ಆದರೆ ಜನರು ಒಂದೆಡೆ ಕೂಡಿ ಬಾಳುವುದರಿಂದಲೇ ಶಾಲೆ, ಆಸ್ಪತ್ರೆ, ಗ್ರಂಥಾಲಯ, ಬಸ್ಸುಗಳು ಸಾಧ್ಯವಾಗಿವೆ ಎಂಬುದನ್ನು ಮರೆಯಬಾರದು. ಕೂಡಿ ಬಾಳುವವರು ಕೂಡಿ ಹಂಚಿಕೊಳ್ಳುವುದನ್ನು ಕಲಿತರೆ ಇಕ್ಕಟ್ಟೂ ಒಂದು ಶಕ್ತಿಯಾಗುತ್ತದೆ. ಕಲಿಯದಿದ್ದರೆ ಬಯಲೂ ಇಕ್ಕಟ್ಟಾಗುತ್ತದೆ. ಒಂದು ನಗರ ವಿದ್ಯುತ್ ವಾಹನವನ್ನು ನಿಜವಾಗಿ ಬರಮಾಡಿಕೊಂಡಿದೆಯೇ ಎಂಬುದನ್ನು ಅಂಗಡಿಯಲ್ಲಿ ಮಾರಾಟವಾದ ಹೊಳೆಯುವ ಕಾರುಗಳ ಸಂಖ್ಯೆಯಿಂದ ಅಳೆಯಲಾಗದು. ಅತ್ಯಂತ ಇಕ್ಕಟ್ಟಾದ ಓಣಿಯಲ್ಲಿ, ಅತ್ಯಂತ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ದುಡಿಮೆಗಾರನು ರಾತ್ರಿ ತನ್ನ ವಾಹನವನ್ನು ನಿಶ್ಚಿಂತೆಯಿಂದ ಎಲ್ಲಿ ನಿಲ್ಲಿಸುತ್ತಾನೆ ಎಂಬುದೇ ಅದರ ಅಳತೆಗೋಲು.